ಹೃದಯ ನಿಂತು ಮತ್ತೆ ಬಡಿದ ಮೇಲೆ: ಡಯಾಲಿಸಿಸ್ ರೋಗಿ ‘ಮೇಲಿಂದ ಎಲ್ಲ ನೋಡಿದೆ’ ಎಂದಾಗ

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 63 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಕೆಟ್ಟು, ನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೀತಿದೆ. ಎರಡು ತಿಂಗಳ ಹಿಂದೆ ಡಯಾಲಿಸಿಸ್ ಮಧ್ಯದಲ್ಲೇ ಬಿಪಿ ಇಳಿದು ಹೃದಯ ನಿಂತುಬಿಟ್ಟಿತು. ಎದೆ ಒತ್ತಿ, ಶಾಕ್ ಕೊಟ್ಟು ಉಳಿಸಿಕೊಂಡರು. ಮನೆಗೆ ಬಂದ ಮೇಲೆ ಅಪ್ಪ ಹೊಸದೊಂದು ಕತೆ ಹೇಳತೊಡಗಿದರು. ತಾನು ಮೇಲೆ ತೇಲುತ್ತಿದ್ದೆ, ಕೆಳಗೆ ಮಲಗಿದ್ದ ತನ್ನನ್ನೇ ನೋಡಿದೆ, ನರ್ಸ್ ಮಿಷನ್ ನಿಲ್ಲಿಸಿದ್ದು ಕಾಣಿಸಿತು, ಎಂದೋ ತೀರಿಕೊಂಡ ದೊಡ್ಡಪ್ಪ ಬಂದು ‘ಈಗಲೇ ಬೇಡ, ವಾಪಸ್ ಹೋಗು’ ಅಂದರು ಅಂತ. ಪ್ರತಿ ಸಲವೂ ಒಂದೇ ರೀತಿ ಹೇಳುತ್ತಾರೆ, ಒಂದು ಅಕ್ಷರ ಬದಲಾಗುವುದಿಲ್ಲ. ರಕ್ತದಲ್ಲಿ ವಿಷ ಜಾಸ್ತಿಯಾಗಿ ತಲೆಗೇರಿತ್ತಾ? ನನ್ನ ತಮ್ಮ ‘ಇದು ಕೊನೆಗಾಲ ಬಂತು ಅನ್ನೋದಕ್ಕೆ ಸೂಚನೆ’ ಅಂತ ಹೆದರಿಕೊಂಡಿದ್ದಾನೆ. ಅಪ್ಪನಿಗೆ ಮಾತ್ರ ಹೆದರಿಕೆಯೇ ಹೋಗಿಬಿಟ್ಟಿದೆ. ‘ಇನ್ನು ಈ ಡಯಾಲಿಸಿಸ್ ಎಲ್ಲ ಯಾಕೆ’ ಅನ್ನುತ್ತಾರೆ. ನಗುತ್ತಾರೆ ಅಂತ ಅವರ ಡಾಕ್ಟರಿಗೆ ಇದನ್ನು ಹೇಳಿಲ್ಲ. ಹೇಳಬೇಕಾ?

ಉತ್ತರ: ಹೇಳಬೇಕು. ಮುಂದಿನ ಸಲ ಹೋದಾಗಲೇ ಹೇಳಿ. ನಿಮ್ಮ ತಂದೆಗೆ ಬುದ್ಧಿಭ್ರಮಣೆ ಆಗಿಲ್ಲ, ಸಾವಿನ ಸೂಚನೆಯೂ ಇದಲ್ಲ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದೊಡ್ಡಪ್ಪ ಬಂದಿದ್ದಲ್ಲ, ‘ಡಯಾಲಿಸಿಸ್ ಎಲ್ಲ ಯಾಕೆ’ ಎಂಬ ಆ ಮಾತು. ಅದಕ್ಕೆ ಬರುತ್ತೇನೆ. ಮೊದಲು ಅನುಭವದ ವಿಷಯ.

ಇದಕ್ಕೆ ಸಾವಿನಂಚಿನ ಅನುಭವ ಅನ್ನುತ್ತಾರೆ. 1975ರಲ್ಲಿ ಅಮೆರಿಕದ ರೇಮಂಡ್ ಮೂಡಿ ಇಂಥವರ ಹೇಳಿಕೆಗಳನ್ನು ಒಟ್ಟು ಮಾಡಿ ಪ್ರಕಟಿಸಿದ ಮೇಲೆ ಈ ಹೆಸರು ಎಲ್ಲ ಕಡೆ ಹಬ್ಬಿತು. 1983ರಲ್ಲಿ ಬ್ರೂಸ್ ಗ್ರೇಸನ್ ಎಂಬ ಮನೋವೈದ್ಯರು ಇದನ್ನು ಅಳೆಯಲು ಒಂದು ಪ್ರಶ್ನೆಪಟ್ಟಿ ಮಾಡಿದರು. ಅದರಲ್ಲಿ 16 ಪ್ರಶ್ನೆ, ಒಂದೊಂದಕ್ಕೂ ಹೆಚ್ಚೆಂದರೆ 2 ಅಂಕ. ಹೊತ್ತು ನಿಂತ ಹಾಗೆ ಅಥವಾ ಓಡಿದ ಹಾಗೆ ಅನ್ನಿಸಿತಾ, ಹಿಂದೆಂದೂ ಇಲ್ಲದ ಸಮಾಧಾನ ಆಯಿತಾ, ಬೆಳಕು ಕಂಡಿತಾ, ದೇಹದಿಂದ ಹೊರಗೆ ಬಂದ ಹಾಗಾಯಿತಾ, ತೀರಿಹೋದವರು ಕಂಡರಾ, ದಾಟಿದರೆ ವಾಪಸಿಲ್ಲ ಅನ್ನುವ ಗಡಿ ಇತ್ತಾ ಎಂಬಂಥ ಪ್ರಶ್ನೆಗಳು. ಒಟ್ಟು 32ರಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಾವಿನಂಚಿನ ಅನುಭವ ಎಂದು ಲೆಕ್ಕ. ಪತ್ರ ಓದಿ ಅಂಕ ಕೊಡಲು ಬರುವುದಿಲ್ಲ, ಆದರೂ ನಿಮ್ಮ ತಂದೆ ಹೇಳುವುದು ಈ ಪಟ್ಟಿಗೆ ಚೆನ್ನಾಗಿಯೇ ಹೊಂದುತ್ತದೆ.

ಕಿಡ್ನಿ ರೋಗಿಗಳನ್ನೇ ಹಿಡಿದು ಮಾಡಿದ ಒಂದು ಒಳ್ಳೆಯ ಅಧ್ಯಯನ ಇದೆ. ತೈವಾನ್‌ನ ತೈಪೆಯಲ್ಲಿ 7 ಡಯಾಲಿಸಿಸ್ ಕೇಂದ್ರಗಳ 710 ರೋಗಿಗಳನ್ನು ಅಲ್ಲಿನ ವೈದ್ಯರು ಮಾತಾಡಿಸಿದರು. 2007ರಲ್ಲಿ ಅದು ಅಮೆರಿಕದ ಕಿಡ್ನಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂತು. ಅವರಲ್ಲಿ 45 ಜನರಿಗೆ ಒಟ್ಟು 51 ಸಲ ಇಂಥ ಅನುಭವ ಆಗಿತ್ತು. ಅಂದರೆ ಕೆಲವರಿಗೆ ಒಂದಕ್ಕಿಂತ ಹೆಚ್ಚು ಸಲ. ಸುಮಾರು ಅರ್ಧದಷ್ಟು ಅನುಭವಗಳಲ್ಲಿ ನಿಮ್ಮ ತಂದೆಯ ಹಾಗೆಯೇ ದೇಹದಿಂದ ಹೊರಬಂದ ಭಾವನೆ ಇತ್ತು. ಎಲ್ಲರೂ ಮಾತಾಡುವ ಆ ಸುರಂಗ ಮಾತ್ರ ನೂರಕ್ಕೆ ಹತ್ತಕ್ಕಿಂತ ಕಡಿಮೆ. ‘ನಾನು ಸತ್ತಿದ್ದೇನೆ’ ಎಂಬ ಅರಿವು ಇದ್ದವರೂ ಅಷ್ಟೇ ಕಡಿಮೆ. ಸಾವಿನ ಹತ್ತಿರ ಹೋಗಿಯೂ ಏನೂ ಕಾಣದವರ ಜೊತೆ ಹೋಲಿಸಿದರೆ, ಕಂಡವರಲ್ಲಿ ಹೆಂಗಸರು ಜಾಸ್ತಿ, ಆ ಹೊತ್ತಿಗೆ ವಯಸ್ಸೂ ಕಡಿಮೆ. ಅನುಭವ ಆದವರಲ್ಲಿ ದೇವರು, ಪ್ರಾರ್ಥನೆ ಅಂತ ಹೆಚ್ಚು ತೊಡಗಿಕೊಂಡವರಿಗೆ ಅಂಕವೂ ಹೆಚ್ಚು ಬಂದಿತ್ತು. ಆಮೇಲೆ ಬೇರೆಯವರ ಮೇಲೆ ಕರುಣೆ ಹೆಚ್ಚಿದೆ, ಬದುಕಿನಲ್ಲಿ ಹುರುಪು ಬಂದಿದೆ ಎಂದೂ ಇವರು ಹೆಚ್ಚಾಗಿ ಹೇಳಿದರು.

ಇದನ್ನು ಓದಿ ಅಪ್ಪನೂ ಹೀಗೇ ಆಗುತ್ತಾರೆ ಎಂದು ಲೆಕ್ಕ ಹಾಕಬೇಡಿ. ಎಷ್ಟೋ ವರ್ಷದ ಹಿಂದಿನದನ್ನು ರೋಗಿಗಳೇ ನೆನಪು ಮಾಡಿಕೊಂಡು ಹೇಳಿದ್ದು ಅದು. ಹಲವರಿಗೆ ಅನುಭವ ಆಗಿದ್ದು ಡಯಾಲಿಸಿಸ್ ಶುರುವಾಗುವ ಮೊದಲೇ, ಬೇರೆ ಯಾವುದೋ ಕಾರಣಕ್ಕೆ. ಕರುಣೆ ಹೆಚ್ಚಿದ್ದಕ್ಕೆ ಅನುಭವವೇ ಕಾರಣ ಅಂತಲೂ ಸಾಬೀತಾಗಿಲ್ಲ, ಅದನ್ನು ಬರೆದವರೇ ಒಪ್ಪಿಕೊಂಡಿದ್ದಾರೆ. ಆದರೂ ಒಂದಂತೂ ಸ್ಪಷ್ಟ. ಡಯಾಲಿಸಿಸ್ ವಾರ್ಡಿನಲ್ಲಿ ಇದು ಅಪರೂಪದ ಸಂಗತಿ ಅಲ್ಲ. ಕೇಳುವವರಿಲ್ಲದೆ ರೋಗಿಗಳು ಸುಮ್ನೆ ಇರುತ್ತಾರೆ, ಅಷ್ಟೇ.

ಕಿಡ್ನಿ ರೋಗಿಗಳು ಸಾವಿನ ಅಂಚಿಗೆ ಯಾಕೆ ಇಷ್ಟು ಸಲ ಹೋಗಿ ಬರುತ್ತಾರೆ? ಮುಖ್ಯ ಕಾರಣ ಪೊಟ್ಯಾಸಿಯಂ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಆಸುಪಾಸಿನಲ್ಲಿ ಇರಬೇಕು. 6.5 ದಾಟಿದರೆ ಹೃದಯದ ವಿದ್ಯುತ್ ಲಯ ಯಾವಾಗ ಬೇಕಾದರೂ ತಪ್ಪಬಹುದು. ಕಿಡ್ನಿ ಕೆಲಸ ಮಾಡದಿದ್ದರೆ ಅದು ಹೊರಗೆ ಹೋಗುವ ದಾರಿ ಹೆಚ್ಚುಕಡಿಮೆ ಡಯಾಲಿಸಿಸ್ ಒಂದೇ. ಮೂತ್ರವಾಗಿ ಹೋಗಬೇಕಾದ ನೀರು ಶ್ವಾಸಕೋಶಕ್ಕೆ ತುಂಬಿಕೊಳ್ಳುವುದು, ರಕ್ತನಾಳಕ್ಕೆ ಹಾಕಿದ ಕೊಳವೆಯಿಂದ (ಕ್ಯಾಥೆಟರ್) ರಕ್ತಕ್ಕೆ ಸೋಂಕು ಹತ್ತುವುದು, ಇನ್ಸುಲಿನ್ ಬೇಗ ಕರಗದೆ ಸಕ್ಕರೆ ಪಾತಾಳಕ್ಕೆ ಇಳಿಯುವುದು ಇವೂ ಇವೆ. ಜೊತೆಗೆ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಅಂದರೆ ಒಂದು ಕಡೆ ಎರಡು ದಿನದ ಬಿಡುವು ಬಿದ್ದೇ ಬೀಳುತ್ತದೆ. ಅಮೆರಿಕದ 32,065 ರೋಗಿಗಳ ದಾಖಲೆ ನೋಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆ ದೊಡ್ಡ ಬಿಡುವಿನ ಮರುದಿನ ಸಾವು ಮತ್ತು ಹೃದಯದ ತೊಂದರೆ ಉಳಿದ ದಿನಗಳಿಗಿಂತ ಜಾಸ್ತಿ ಇದ್ದದ್ದು ಕಂಡಿತು.

ಇನ್ನು ಬಿಪಿ ಇಳಿಯುವುದು. ಇದನ್ನು ಹತ್ತಿರದಿಂದ ನೋಡಿದವರಿಗೆ ನಿಮ್ಮ ತಂದೆಯ ಕತೆಯ ಮೊದಲ ಭಾಗ ಅಷ್ಟೇನೂ ವಿಚಿತ್ರ ಅನ್ನಿಸುವುದಿಲ್ಲ. ನಾಲ್ಕು ಗಂಟೆಯಲ್ಲಿ ಮಿಷನ್ ದೇಹದಿಂದ ಎರಡು ಮೂರು ಲೀಟರ್ ನೀರು ಎಳೆಯುತ್ತದೆ. ಮೂರನೇ ಗಂಟೆ ದಾಟುವಾಗ ಒಬ್ಬರು ಆಕಳಿಸಲು ಶುರು ಮಾಡುತ್ತಾರೆ. ಒಂದಾದ ಮೇಲೆ ಒಂದು, ನಿದ್ದೆಯ ಆಕಳಿಕೆ ಅಲ್ಲ ಅದು. ಅನುಭವ ಇರುವ ನರ್ಸ್ ಆಗಲೇ ಎದ್ದು ಬಿಪಿ ನೋಡುತ್ತಾರೆ. ಹಣೆಯಲ್ಲಿ ಬೆವರು, ಕಾಲಿನಲ್ಲಿ ಸೆಳೆತ, ಮಾತು ತೊದಲು. ‘ಹೇಗಿದೆ’ ಅಂದರೆ ‘ನಿಮ್ಮ ದನಿ ದೂರದಿಂದ ಬರ್ತಿದೆ’ ಅನ್ನುತ್ತಾರೆ. ಕಣ್ಣಿನ ಅಂಚು ಕಪ್ಪಾಗಿ ನಡುವೆ ಮಾತ್ರ ಬೆಳಕು ಉಳಿಯುತ್ತದೆ. ಕಣ್ಣಿಗೆ ರಕ್ತ ಕಡಿಮೆಯಾದಾಗ ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಆಮೇಲೆ. ವಿಮಾನವನ್ನು ರಭಸದಲ್ಲಿ ತಿರುಗಿಸುವ ಯುದ್ಧ ಪೈಲಟ್‌ಗಳಿಗೂ ಹೀಗೇ ಆಗುತ್ತದೆ. ನರ್ಸ್ ಕಾಲು ಎತ್ತಿಸಿ, ನೀರು ಎಳೆಯುವುದನ್ನು ನಿಲ್ಲಿಸಿ, ಸ್ವಲ್ಪ ಸಲೈನ್ ಬಿಟ್ಟರೆ ಹೆಚ್ಚಿನವರು ಐದು ಹತ್ತು ನಿಮಿಷದಲ್ಲಿ ಸರಿಯಾಗುತ್ತಾರೆ. ಸರಿಯಾದ ಮೇಲೆ ಕೆಲವರು ‘ಎಷ್ಟು ಹಗುರಾಗಿತ್ತು’ ಅನ್ನುವುದುಂಟು. ಯಾಕಪ್ಪಾ ಎಬ್ಬಿಸಿದಿರಿ ಎಂಬ ಮುಖ ಮಾಡಿದವರೂ ಇದ್ದಾರೆ.

ಬರೀ ತಲೆಸುತ್ತಿ ಬಿದ್ದರೂ ಇಷ್ಟೆಲ್ಲ ಆಗಬಹುದಾ? 1994ರಲ್ಲಿ ಜರ್ಮನಿಯ ಲೆಂಪರ್ಟ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. 42 ಆರೋಗ್ಯವಂತ ಯುವಕ ಯುವತಿಯರು. ಜೋರಾಗಿ ಉಸಿರಾಡಿಸಿ, ಕೂತವರನ್ನು ಥಟ್ಟನೆ ಎಬ್ಬಿಸಿ, ಉಸಿರು ಬಿಗಿಹಿಡಿಸಿ, ಕೆಲವೇ ಸೆಕೆಂಡು ಪ್ರಜ್ಞೆ ತಪ್ಪುವಂತೆ ಮಾಡಿದರು. ಎದ್ದ ಮೇಲೆ ಅವರಲ್ಲಿ ಹಲವರು ಶಾಂತಿ ಅಂದರು, ಬೆಳಕು ಅಂದರು, ಬೇರೆ ಲೋಕ ಅಂದರು, ದೇಹದಿಂದ ಹೊರಗೆ ಹೋದೆ ಅಂದರು. ಅವರಲ್ಲಿ ಯಾರೂ ಸಾವಿನ ಹತ್ತಿರ ಇರಲಿಲ್ಲ. ಹಾಗಾಗಿ ಇವು ಸಾವು ಬಂದಾಗ ಮಾತ್ರ ಕಾಣುವ ದೃಶ್ಯಗಳು ಅನ್ನಲಾಗದು. ಮೆದುಳಿಗೆ ರಕ್ತ ಥಟ್ಟನೆ ಕಡಿಮೆಯಾದರೂ ಸಾಕು.

ನನ್ನಂಥ ಕಿಡ್ನಿ ವೈದ್ಯರ ಕಿವಿ ನೆಟ್ಟಗಾಗುವ ಸಂಗತಿ ಇನ್ನೊಂದಿದೆ. 2010ರಲ್ಲಿ ಸ್ಲೊವೇನಿಯಾದಲ್ಲಿ, ಆಸ್ಪತ್ರೆಯ ಹೊರಗೆ ಹೃದಯ ನಿಂತು ಬದುಕಿದ 52 ಜನರನ್ನು ಕೇಳಿದರು. 11 ಜನರಿಗೆ ಸಾವಿನಂಚಿನ ಅನುಭವ ಆಗಿತ್ತು. ಅವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇತ್ತು. ಜೊತೆಗೆ, ಪೊಟ್ಯಾಸಿಯಂ ಜಾಸ್ತಿ ಇದ್ದವರಿಗೆ ಗ್ರೇಸನ್ ಪಟ್ಟಿಯಲ್ಲಿ ಅಂಕವೂ ಜಾಸ್ತಿ. ಹಾಗಾದರೆ ಪೊಟ್ಯಾಸಿಯಂ ಏರಿದ್ದಕ್ಕೇ ದೊಡ್ಡಪ್ಪ ಕಂಡರಾ? ಅಷ್ಟು ಸಲೀಸಾಗಿ ಹೇಳಲು ಬರುವುದಿಲ್ಲ. ಹನ್ನೊಂದು ಜನ ತುಂಬಾ ಚಿಕ್ಕ ಸಂಖ್ಯೆ. ಹೃದಯ ಹೆಚ್ಚು ಹೊತ್ತು ನಿಂತರೆ ಪೊಟ್ಯಾಸಿಯಂ ತಾನೇ ಏರುತ್ತದೆ, ಅದು ಕಾರಣವೋ ಗುರುತೋ ಗೊತ್ತಾಗುವುದಿಲ್ಲ. ಪೊಟ್ಯಾಸಿಯಂ 6 ದಾಟಿದ್ದರೂ ಆರಾಮಾಗಿ ನಡೆದುಕೊಂಡು ಡಯಾಲಿಸಿಸ್‌ಗೆ ಬರುವವರನ್ನು ನಾವು ದಿನಾ ನೋಡುತ್ತೇವೆ. ಅವರಿಗೆ ಯಾವ ಬೆಳಕೂ ಕಂಡಿರುವುದಿಲ್ಲ.

ಈಗ ನಿಮ್ಮ ನೇರ ಪ್ರಶ್ನೆ, ವಿಷ ತಲೆಗೇರಿತ್ತಾ ಅಂತ. ಹಾಗೂ ಆಗುತ್ತದೆ, ಆದರೆ ಅದರ ಚಹರೆ ಬೇರೆ. ಯೂರಿಯಾ ಮತ್ತಿತರ ಕಲ್ಮಶ ಏರಿ ಮೆದುಳು ಮಂಕಾದವರು ಹಗಲು ರಾತ್ರಿ ಅದಲುಬದಲು ಮಾಡುತ್ತಾರೆ. ಕೈ ಮುಂದೆ ಚಾಚಿದರೆ ಬಡಬಡ ಅದುರುತ್ತದೆ. ಈಗ ಹೇಳಿದ್ದು ಇನ್ನೊಂದು ಗಳಿಗೆಗೆ ಇಲ್ಲ. ಗೋಡೆ ಮೇಲೆ ಹುಳ, ಮೂಲೆಯಲ್ಲಿ ಯಾರೋ ನಿಂತಿದ್ದಾರೆ, ಕೊಳವೆ ಕಿತ್ತುಹಾಕಿ ಎಂಬ ಗಲಾಟೆ. ಗುಣವಾದ ಮೇಲೆ ಕೇಳಿದರೆ ಅದು ಚೂರುಚೂರಾಗಿ ನೆನಪಿರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ಸಾವಿನಂಚಿನ ಅನುಭವ ಇದಕ್ಕೆ ತಿರುಗುಮುರುಗು. ಶುರು, ನಡು, ಕೊನೆ ಇರುತ್ತದೆ. ವರ್ಷಗಟ್ಟಲೆ ಮಾಸುವುದಿಲ್ಲ. ಬೆಲ್ಜಿಯಂನ ಲಿಯೇಜ್‌ನಲ್ಲಿ 2013ರಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಈ ನೆನಪುಗಳಲ್ಲಿ ನಿಜವಾಗಿ ನಡೆದ ಘಟನೆಗಳ ನೆನಪಿಗಿಂತಲೂ ಹೆಚ್ಚು ವಿವರ ಮತ್ತು ಭಾವನೆ ಇದ್ದದ್ದು ಕಂಡಿತು. ‘ಒಂದು ಅಕ್ಷರ ಬದಲಾಗುವುದಿಲ್ಲ’ ಎಂದು ನೀವು ಬರೆದಿದ್ದೀರಲ್ಲ, ನನಗೆ ಧೈರ್ಯ ಬಂದಿದ್ದು ಆ ಸಾಲಿನಿಂದ.

ಆದರೂ ಮಾತ್ರೆಗಳ ಡಬ್ಬಿ ಒಂದು ಸಲ ತೆಗೆದು ನೋಡಿ. ಕಿಡ್ನಿ ಇಲ್ಲದವರ ದೇಹದಲ್ಲಿ ಕೆಲವು ಔಷಧ ಹೊರಗೆ ಹೋಗದೆ ತುಂಬಿಕೊಂಡು ತಲೆಗೆ ಹತ್ತುತ್ತವೆ. ಕಾಲಿನ ಉರಿಗೆ ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್. ಸ್ನಾಯು ಸೆಳೆತಕ್ಕೆ ಕೊಡುವ ಬ್ಯಾಕ್ಲೋಫೆನ್. ಸರ್ಪಸುತ್ತಿಗೆ ಕೊಡುವ ಏಸೈಕ್ಲೋವಿರ್. ಸೋಂಕಿಗೆ ಚುಚ್ಚುವ ಸೆಫೆಪಿಮ್. ನೋವಿಗೆ ಕೊಡುವ ಮಾರ್ಫಿನ್. ಬೇರೆಯವರಿಗೆ ಏನೂ ಮಾಡದ ಪ್ರಮಾಣವೇ ಡಯಾಲಿಸಿಸ್ ರೋಗಿಗೆ ಇಲ್ಲದ್ದನ್ನು ತೋರಿಸಬಹುದು, ಪ್ರಜ್ಞೆ ತಪ್ಪಿಸಲೂಬಹುದು. ಅಪ್ಪನಿಗೆ ಹೃದಯ ನಿಂತ ದಿನದ್ದಲ್ಲದೆ ಈಗಲೂ ಹೊಸ ಹೊಸ ದೃಶ್ಯ ಕಾಣುತ್ತಿದ್ದರೆ, ಮಧ್ಯಾಹ್ನ ಮಂಪರು ಜಾಸ್ತಿ ಆಗಿದ್ದರೆ, ಮೊದಲು ಅನುಮಾನಿಸಬೇಕಾದ್ದು ಇವನ್ನು. ನೀವಾಗಿ ನಿಲ್ಲಿಸಬೇಡಿ, ಪಟ್ಟಿ ತೆಗೆದುಕೊಂಡು ಹೋಗಿ ತೋರಿಸಿ.

ಇನ್ನು ‘ನರ್ಸ್ ಮಿಷನ್ ನಿಲ್ಲಿಸಿದ್ದು ಕಾಣಿಸಿತು’ ಎಂಬುದು. ಇದು ನಿಜವಾಗಿ ನೋಡಿದ್ದಾ? ಇಲ್ಲಿ ಡಯಾಲಿಸಿಸ್ ರೋಗಿಗಳ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ಯಾರೂ ಹೆಚ್ಚು ಹೇಳುವುದಿಲ್ಲ. ರಸ್ತೆಯಲ್ಲಿ ಹೃದಯ ನಿಂತು ಬಿದ್ದವನಿಗೆ ಆಸ್ಪತ್ರೆ ಹೊಸದು. ನಿಮ್ಮ ತಂದೆಗೆ ಆ ಕೋಣೆ ಹೊಸದಲ್ಲ. ನಾಲ್ಕು ವರ್ಷದಿಂದ ವಾರಕ್ಕೆ ಮೂರು ದಿನ ಅಲ್ಲೇ ಮಲಗಿದ್ದಾರೆ. ಯಾವ ನರ್ಸಿನ ಹೆಜ್ಜೆ ಯಾವುದು, ಗಾಳಿಗುಳ್ಳೆ ಬಂದರೆ ಮಿಷನ್ ಹೇಗೆ ಕೂಗುತ್ತದೆ, ಬ್ಲಡ್ ಪಂಪ್ ನಿಂತರೆ ಸದ್ದು ಹೇಗೆ ಬದಲಾಗುತ್ತದೆ, ಎಲ್ಲ ಗೊತ್ತು. ಪಕ್ಕದವರಿಗೆ ಬಿಪಿ ಇಳಿದಾಗ ಏನು ಮಾಡುತ್ತಾರೆ ಎಂಬುದನ್ನು ಎಷ್ಟೋ ಸಲ ಕಣ್ಣಾರೆ ನೋಡಿರುತ್ತಾರೆ. ಕಣ್ಣು ಮುಚ್ಚಿದ ಮೇಲೂ ಕಿವಿ ಸ್ವಲ್ಪ ಹೊತ್ತು ಕೆಲಸ ಮಾಡುತ್ತದೆ. ಎದೆ ಸರಿಯಾಗಿ ಒತ್ತುತ್ತಿದ್ದರೆ ಮೆದುಳಿಗೆ ಅಷ್ಟಿಷ್ಟು ರಕ್ತ ಹೋಗುತ್ತಲೇ ಇರುತ್ತದೆ. ಕೇಳಿದ್ದನ್ನೂ ಮೊದಲೇ ಗೊತ್ತಿದ್ದುದನ್ನೂ ಸೇರಿಸಿ ಮನಸ್ಸು ಒಂದು ಪೂರ್ತಿ ಚಿತ್ರ ಕಟ್ಟಬಲ್ಲದು. ಮೇಲಿಂದ ನೋಡಿದ ಹಾಗೆ ಯಾಕೆ ಅನ್ನಿಸುತ್ತದೆ ಎಂಬುದಕ್ಕೂ ಒಂದು ಸುಳಿವು ಇದೆ. 2002ರಲ್ಲಿ ಓಲಾಫ್ ಬ್ಲಾಂಕೆ ಎಂಬ ನರವೈದ್ಯರು ಮೂರ್ಛೆರೋಗದ ಹೆಂಗಸೊಬ್ಬರ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಹಾಯಿಸಿದಾಗ, ಆಕೆ ‘ಮೇಲಿಂದ ನನ್ನ ಕಾಲು ಕಾಣುತ್ತಿದೆ’ ಎಂದರು. ದೇಹ ಎಲ್ಲಿದೆ ಎಂಬ ಲೆಕ್ಕ ಇಡುವ ಜಾಗ ಅದು.

ಇದನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಸ್ಯಾಮ್ ಪಾರ್ನಿಯಾ ಎಂಬ ವೈದ್ಯರ ತಂಡ 15 ಆಸ್ಪತ್ರೆಗಳಲ್ಲಿ, ಮೇಲಿಂದ ಮಾತ್ರ ಕಾಣುವಂತೆ ಎತ್ತರದ ಹಲಗೆಗಳ ಮೇಲೆ ಚಿತ್ರ ಇಟ್ಟಿತು. ತೇಲಿದವರು ಅದನ್ನು ನೋಡಬೇಕಲ್ಲವೇ? 2014ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಹೃದಯ ನಿಂತ 2,060 ಘಟನೆಗಳಲ್ಲಿ ಕೊನೆಗೆ ಪೂರ್ತಿ ಮಾತಾಡಲು ಸಿಕ್ಕವರು 101 ಜನ. ಅವರಲ್ಲಿ 9 ಜನರಿಗೆ ಸಾವಿನಂಚಿನ ಅನುಭವ, ಇಬ್ಬರಿಗೆ ಮಾತ್ರ ಆ ಹೊತ್ತಿನಲ್ಲಿ ನೋಡಿದ ಕೇಳಿದ ನೆನಪು. ಅದರಲ್ಲಿ ಒಬ್ಬರು ಹೇಳಿದ ವಿವರ ನಡೆದದ್ದಕ್ಕೆ ತಾಳೆಯಾಯಿತು. ಆದರೆ ಅವರ ಹೃದಯ ನಿಂತ ಜಾಗದಲ್ಲಿ ಹಲಗೆಯೇ ಇರಲಿಲ್ಲ! 2023ರಲ್ಲಿ ಇದೇ ತಂಡದ ಎರಡನೇ ಅಧ್ಯಯನ ಬಂತು. 567 ಜನರಲ್ಲಿ ಬದುಕಿದವರು 53, ಮಾತಾಡಿಸಲು ಆದದ್ದು 28 ಜನರನ್ನು. 11 ಜನರಿಗೆ ಏನೋ ಅರಿವು ಇದ್ದ ನೆನಪಿತ್ತು. ತೋರಿಸಿದ ಚಿತ್ರವನ್ನು ಒಬ್ಬರೂ ಹೇಳಲಿಲ್ಲ. ಬೆರಗಾಗುವ ಮಾತು ಬೇರೆ ಇದೆ. ಎದೆ ಒತ್ತುತ್ತಿರುವಾಗಲೇ ತಲೆಗೆ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಸಾಧನ, ಕಟ್ಟಿದ್ದರು. ಕೆಲವರಲ್ಲಿ ಅರ್ಧ ಗಂಟೆ ದಾಟಿದ ಮೇಲೂ, ಎಚ್ಚರವಾಗಿರುವವರಲ್ಲಿ ಕಾಣುವಂಥ ಅಲೆಗಳು ಆಗಾಗ ಬಂದವು. ಹೃದಯ ನಿಂತ ಕೂಡಲೇ ಮೆದುಳು ಪೂರ್ತಿ ಆರಿಹೋಗುತ್ತದೆ ಎಂಬ ಹಳೆಯ ನಂಬಿಕೆ ಈಗ ಅಷ್ಟು ಗಟ್ಟಿಯಾಗಿ ಉಳಿದಿಲ್ಲ.

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಿಮೊ ಬೋರ್ಜಿಗಿನ್ ತಂಡದ ಕೆಲಸವೂ ಇದೇ ಕಡೆ ಬೊಟ್ಟು ಮಾಡುತ್ತದೆ. 2013ರಲ್ಲಿ ಅವರು 9 ಇಲಿಗಳಲ್ಲಿ, ಹೃದಯ ನಿಂತ ಮೊದಲ ಅರ್ಧ ನಿಮಿಷದಲ್ಲಿ ಮೆದುಳಿನ ಗಾಮಾ ಅಲೆಗಳು (ವೇಗದ ವಿದ್ಯುತ್ ಅಲೆಗಳು) ಜೋರಾಗುವುದನ್ನು ಕಂಡರು. 2023ರಲ್ಲಿ, ವೆಂಟಿಲೇಟರ್ ತೆಗೆದ ನಾಲ್ವರು ರೋಗಿಗಳ ಪೈಕಿ ಇಬ್ಬರಲ್ಲೂ ಅಂಥದ್ದೇ ಕಂಡಿತು. ಆದರೆ ಆ ಇಬ್ಬರೂ ಬದುಕಲಿಲ್ಲ, ಏನು ಕಂಡಿರಿ ಎಂದು ಕೇಳಲು ಆಗಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಇದು ಮೆದುಳಿನಲ್ಲೇ ಆಗುವ ಘಟನೆ ಎಂಬ ಕಡೆಗೇ ನಾನು ವಾಲುತ್ತೇನೆ. ಹಾಗೆಂದ ಮಾತ್ರಕ್ಕೆ ಅದು ಸುಳ್ಳು, ಅಪ್ಪ ಕಟ್ಟಿ ಹೇಳುತ್ತಿದ್ದಾರೆ ಅಂತಲ್ಲ. ನೋವೂ ಮೆದುಳಿನಲ್ಲೇ ಆಗುವುದು, ಅದನ್ನು ಸುಳ್ಳು ಅನ್ನುತ್ತೇವಾ?

ದೊಡ್ಡಪ್ಪನೇ ಯಾಕೆ ಬಂದರು? ಯಾರು ಕಾಣುತ್ತಾರೆ ಎಂಬುದನ್ನು ಅವರವರ ಬದುಕು ತೀರ್ಮಾನಿಸುತ್ತದೆ. ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ ಅವರು ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆ 1986ರಲ್ಲಿ ಭಾರತದ 16 ಪ್ರಕರಣ ಪ್ರಕಟಿಸಿದರು. ಇಲ್ಲಿನವರು ಹೆಚ್ಚಾಗಿ ಹೇಳಿದ್ದು ಯಾರೋ ದೂತರು ಬಂದು ಕರೆದುಕೊಂಡು ಹೋದದ್ದು, ಅಲ್ಲಿ ಲೆಕ್ಕದ ಪುಸ್ತಕ ನೋಡಿ ‘ತಪ್ಪು ಮನುಷ್ಯನನ್ನು ತಂದಿದ್ದೀರಿ’ ಎಂದು ವಾಪಸ್ ಕಳಿಸಿದ್ದು. ಅಮೆರಿಕದವರ ಕತೆಗಳಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಈ ತಪ್ಪು ಇಲ್ಲ. ‘ಇನ್ನೂ ಸಮಯ ಆಗಿಲ್ಲ, ಹೋಗು’ ಎಂಬುದು ಮಾತ್ರ ಎರಡೂ ಕಡೆ ಇದೆ. ಅದಕ್ಕೆ ಸರಳ ಕಾರಣವೂ ಇದೆ ಅಲ್ವಾ? ವಾಪಸ್ ಬಂದವರು ಮಾತ್ರ ನಮಗೆ ಕತೆ ಹೇಳಲು ಸಿಗುವುದು.

ನಿಮ್ಮ ತಮ್ಮನಿಗೆ ಹೇಳಿ, ಇದು ಕೊನೆಗಾಲದ ಸೂಚನೆ ಅಲ್ಲ. ಸಾಯುವ ಕೆಲವು ದಿನ, ವಾರಗಳ ಹಿಂದೆ ತೀರಿಹೋದವರು ಕನಸಿನಲ್ಲೋ ಎಚ್ಚರದಲ್ಲೋ ಕಾಣುವುದು ಉಂಟು, ಅದು ಬೇರೆ. ನಿಮ್ಮ ತಂದೆಯ ಅನುಭವ ಆಗಿಹೋದ ಒಂದು ಘಟನೆಯದು, ಮುಂದಿನದನ್ನು ಅದು ಹೇಳುವುದಿಲ್ಲ. ಹೆದರಬೇಕಾದ್ದು ಕಂಡದ್ದಕ್ಕಲ್ಲ, ಹೃದಯ ನಿಂತದ್ದಕ್ಕೆ. ಡಯಾಲಿಸಿಸ್ ನಡುವೆ ಒಮ್ಮೆ ಹೃದಯ ನಿಂತವರಿಗೆ ಮತ್ತೆ ನಿಲ್ಲುವ ಅಪಾಯ ಉಳಿದವರಿಗಿಂತ ತುಂಬಾ ಜಾಸ್ತಿ. ಮನೆಯವರೆಲ್ಲ ದೊಡ್ಡಪ್ಪನ ಸುತ್ತ ಮಾತಾಡುತ್ತಾ ಇದನ್ನು ಮರೆತಿಲ್ಲ ತಾನೇ?

ಅವರ ಡಾಕ್ಟರನ್ನು ಇಷ್ಟು ಕೇಳಿ. ಆ ದಿನ ಪೊಟ್ಯಾಸಿಯಂ ಎಷ್ಟಿತ್ತು? ಡಯಾಲಿಸೇಟ್‌ನಲ್ಲಿ, ಅಂದರೆ ರಕ್ತ ಶುದ್ಧ ಮಾಡಲು ಮಿಷನ್‌ನಲ್ಲಿ ಹರಿಸುವ ದ್ರಾವಣದಲ್ಲಿ, ಪೊಟ್ಯಾಸಿಯಂ ಎಷ್ಟು ಇಟ್ಟಿದ್ದರು? ರಕ್ತದಿಂದ ಅದನ್ನು ತೀರಾ ಬೇಗ ಎಳೆದರೂ ಹೃದಯದ ಲಯ ತಪ್ಪುತ್ತದೆ. ಆವತ್ತು ಎಷ್ಟು ನೀರು ತೆಗೆದರು? ಗಂಟೆಗೆ, ಕೆಜಿ ತೂಕಕ್ಕೆ 13 ಮಿ.ಲೀ. ದಾಟದ ಹಾಗೆ ನೋಡಿಕೊಳ್ಳುವುದು ಒಳ್ಳೆಯದು. 60 ಕೆಜಿ ಇರುವವರಿಗೆ ನಾಲ್ಕು ಗಂಟೆಯಲ್ಲಿ ಅದು 3 ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕಿಂತ ಹೆಚ್ಚು ನೀರು ತುಂಬಿಕೊಂಡು ಬಂದರೆ ಹೊತ್ತು ಹೆಚ್ಚಿಸಬೇಕು, ಇಲ್ಲವೇ ಇನ್ನೊಂದು ಸಲ ಕರೆಸಬೇಕು. ಡ್ರೈ ವೇಟ್, ಅಂದರೆ ಹೆಚ್ಚುವರಿ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ, ಮತ್ತೆ ನಿಗದಿ ಮಾಡಿದ್ದಾರಾ? ಬಿಪಿ ಮಾತ್ರೆಯನ್ನು ಡಯಾಲಿಸಿಸ್‌ಗೆ ಮೊದಲು ನುಂಗುತ್ತಿದ್ದಾರಾ? ಆಮೇಲೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದ್ದಾರಾ, ಹೃದಯದ ರಕ್ತನಾಳ ನೋಡಿದ್ದಾರಾ? ಸಕ್ಕರೆ ಕಾಯಿಲೆ ಇರುವವರಿಗೆ ಎದೆನೋವು ಬಾರದೆಯೂ ರಕ್ತನಾಳ ಕಟ್ಟಿಕೊಂಡಿರಬಹುದು. ಎಂಥ ಲಯ ತಪ್ಪಿತ್ತು ಎಂಬುದನ್ನು ನೋಡಿ, ಶಾಕ್ ಕೊಡುವ ಸಾಧನವನ್ನು ದೇಹದೊಳಗೆ ಕೂರಿಸಬೇಕಾ ಎಂಬುದನ್ನು ಹೃದಯ ತಜ್ಞರು ಹೇಳುತ್ತಾರೆ.

ಅನುಭವದ ಬಗ್ಗೆ ಹೇಳುವಾಗ ಹೆಚ್ಚು ಪೀಠಿಕೆ ಬೇಡ. ‘ಹೃದಯ ನಿಂತಾಗಿನದು ಅಪ್ಪನಿಗೆ ನೆನಪಿದೆ, ಆಗಾಗ ಹೇಳ್ತಾರೆ’ ಅಂದರೆ ಸಾಕು. ಡಾಕ್ಟರ್ ನಕ್ಕರೆ ನಗಲಿ, ನೆನಪು ಇದೆ ಎಂಬುದು ಅವರಿಗೆ ಗೊತ್ತಿರಬೇಕಾದ ವಿಷಯ.

ಈಗ ಆ ಮಾತಿಗೆ ಬರೋಣ. ‘ಸಾವಿನ ಭಯ ಇಲ್ಲ’ ಅನ್ನುವುದು, ‘ಇನ್ನು ಡಯಾಲಿಸಿಸ್ ಯಾಕೆ’ ಅನ್ನುವುದು, ಎರಡೂ ಒಂದೇ ಬಾಯಿಂದ ಬಂದರೂ ಒಂದೇ ಅಲ್ಲ. ಮೊದಲನೆಯದು ಈ ಅನುಭವ ಆದವರಲ್ಲಿ ತೀರಾ ಸಾಮಾನ್ಯ. ನೆದರ್‌ಲ್ಯಾಂಡ್ಸ್‌ನಲ್ಲಿ ಪಿಮ್ ವಾನ್ ಲೊಮೆಲ್ ಮತ್ತು ಸಂಗಡಿಗರು 10 ಆಸ್ಪತ್ರೆಗಳಲ್ಲಿ, ಹೃದಯ ನಿಂತು ಬದುಕಿದ 344 ಜನರನ್ನು ಕೇಳಿದ್ದರು. 62 ಜನರಿಗೆ ಅನುಭವ ಆಗಿತ್ತು. 2 ವರ್ಷ, 8 ವರ್ಷ ಬಿಟ್ಟು ಮತ್ತೆ ಕೇಳಿದಾಗಲೂ ಅವರಿಗೆ ಸಾವಿನ ಭಯ ಕಡಿಮೆಯೇ ಇತ್ತು. ಭಯ ಹೋದವರು ಸಾಮಾನ್ಯವಾಗಿ ಬದುಕಿನಲ್ಲಿ ಹೆಚ್ಚು ಆಸಕ್ತಿ ತೋರಿಸುತ್ತಾರೆ. ಮೊಮ್ಮಕ್ಕಳ ಜೊತೆ ಕೂರುತ್ತಾರೆ, ಹಳೆ ಜಗಳ ಮುಗಿಸುತ್ತಾರೆ. ಡಯಾಲಿಸಿಸ್‌ಗೆ ಗೊಣಗದೆ ಹೋಗುತ್ತಾರೆ.

ಡಯಾಲಿಸಿಸ್ ಬೇಡ ಎಂಬುದರ ಹಿಂದೆ ಬೇರೆ ಏನೋ ಇರಬಹುದು. ಡಯಾಲಿಸಿಸ್ ರೋಗಿಗಳಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಅದರ ಗುರುತುಗಳಾದ ಸುಸ್ತು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಕಿಡ್ನಿ ಕಾಯಿಲೆಯ ಗುರುತುಗಳೂ ಹೌದಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಎದೆ ಒತ್ತಿದಾಗ ಪಕ್ಕೆಲುಬು ಮುರಿದು ಇನ್ನೂ ನೋಯುತ್ತಿರಬಹುದು. ಅದೇ ಬೆಡ್ಡಿನ ಮೇಲೆ ಮತ್ತೆ ಮಲಗಲು ಒಳಗೊಳಗೆ ಹೆದರಿಕೆ ಇರಬಹುದು, ಸಾವಿಗೆ ಹೆದರದವರಿಗೂ ಆ ಮಿಷನ್ ಕಂಡರೆ ಮೈ ನಡುಗಬಹುದು. ಮಕ್ಕಳಿಗೆ ಭಾರವಾದೆ ಎಂಬ ಸಂಕಟ ಇರಬಹುದು. ಅಥವಾ ನಿಜವಾಗಿಯೂ ಯೋಚಿಸಿ, ಸಾಕು ಎಂಬ ತೀರ್ಮಾನಕ್ಕೆ ಹತ್ತಿರ ಬಂದಿರಬಹುದು. ಒಂದೊಂದಕ್ಕೂ ಮಾಡಬೇಕಾದ್ದು ಬೇರೆ ಬೇರೆ.

ಹಾಗಾಗಿ ಆ ಮಾತು ಬಂದಾಗ ‘ಛೆ, ಹಾಗೆಲ್ಲ ಅನ್ನಬೇಡಿ’ ಎಂದು ಬಾಯಿ ಮುಚ್ಚಿಸಬೇಡಿ. ‘ಡಯಾಲಿಸಿಸ್‌ನಲ್ಲಿ ಈಗ ಯಾವುದು ತುಂಬಾ ಕಷ್ಟ ಆಗ್ತಿದೆ ಅಪ್ಪಾ?’ ಎಂದು ಕೇಳಿ, ಆಮೇಲೆ ಸುಮ್ನೆ ಇರಿ. ಸೂಜಿ ಚುಚ್ಚುವ ನೋವು ಅಂದರೆ ಅದಕ್ಕೆ ದಾರಿ ಇದೆ. ಸೆಳೆತ ಅಂದರೆ ನೀರು ಎಳೆಯುವ ವೇಗ ಬದಲಿಸಬಹುದು. ‘ಅಲ್ಲೇ ಚೆನ್ನಾಗಿತ್ತು’ ಅಂದರೆ, ಊಟ ಬಿಡುತ್ತಿದ್ದರೆ, ಡಯಾಲಿಸಿಸ್ ತಪ್ಪಿಸುತ್ತಿದ್ದರೆ, ಸಾಯುವ ಮಾತು ದಿನಾ ಬರುತ್ತಿದ್ದರೆ, ತಡ ಮಾಡದೆ ಮನೋವೈದ್ಯರಿಗೆ ತೋರಿಸಿ. ಒಂದು ಸತ್ಯ ಅವರಿಗೆ ಗೊತ್ತಿರಲಿ. ಡಯಾಲಿಸಿಸ್ ಪೂರ್ತಿ ನಿಲ್ಲಿಸಿದವರು ಹೆಚ್ಚಾಗಿ ಒಂದೆರಡು ವಾರದೊಳಗೆ ತೀರಿಕೊಳ್ಳುತ್ತಾರೆ. ಮೂತ್ರ ಇನ್ನೂ ಸ್ವಲ್ಪ ಹೋಗುತ್ತಿದ್ದರೆ ಕೆಲವು ದಿನ ಹೆಚ್ಚು. ಸಂಕಟ ಕಡಿಮೆ ಮಾಡುವ ಉಪಶಮನ ಚಿಕಿತ್ಸೆ ಇಲ್ಲದಿದ್ದರೆ ಉಸಿರುಗಟ್ಟುವುದು, ವಾಂತಿ, ತುರಿಕೆ ಎಲ್ಲ ಅನುಭವಿಸಬೇಕಾಗಬಹುದು. ಎರಡು ತಿಂಗಳ ಹಿಂದೆ ಕೆಲವು ನಿಮಿಷ ಕಂಡ ಆ ಹಗುರವೇ ಆಗಲೂ ಇರುತ್ತದೆ ಎಂದು ಅವರು ಅಂದುಕೊಂಡಿದ್ದರೆ, ಅದು ಹಾಗಲ್ಲ. ಇದನ್ನು ಮಕ್ಕಳು ಹೇಳುವುದಕ್ಕಿಂತ ಅವರ ಡಾಕ್ಟರ್ ಎದುರು ಕೂತು ಹೇಳಬೇಕು. ಎಲ್ಲ ತಿಳಿದ ಮೇಲೂ, ಖಿನ್ನತೆ ಇಲ್ಲದೆ, ಬೇಡ ಎಂದರೆ ಅದು ಬೇರೆಯೇ ಮಾತುಕತೆ. ಅದಕ್ಕೂ ಗೌರವದ ದಾರಿಗಳಿವೆ.

ಮನೆಯಲ್ಲಿ ಕತೆ ಬಂದಾಗ ಕೇಳಿ. ಗೇಲಿ ಬೇಡ, ಬಂದವರೆದುರಿಗೆಲ್ಲ ಹೇಳಿಸುವುದೂ ಬೇಡ. ಎಲ್ಲರ ಅನುಭವವೂ ಇಷ್ಟು ಹಿತವಾಗಿರುವುದಿಲ್ಲ ಎಂಬುದೂ ತಿಳಿದಿರಲಿ. ಕತ್ತಲು, ಖಾಲಿ, ಯಾರೋ ಎಳೆದಾಡಿದ್ದು ಕಂಡವರೂ ಇದ್ದಾರೆ. ಅವರು ನಾಚಿಕೆಯಿಂದ ಬಾಯಿಯೇ ಬಿಡುವುದಿಲ್ಲ, ರಾತ್ರಿ ಬೆಚ್ಚಿ ಏಳುತ್ತಾರೆ.

ನೀವು ಕೇಳದ ಒಂದು ವಿಷಯ. ಆವತ್ತು ನಿಮ್ಮ ತಂದೆಯ ಎದೆ ಒತ್ತುವಾಗ, ಅಕ್ಕಪಕ್ಕದ ಬೆಡ್ಡುಗಳಲ್ಲಿ ಬೇರೆ ರೋಗಿಗಳು ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ಎದ್ದು ಹೋಗಲು ಬಾರದೆ ಎಲ್ಲವನ್ನೂ ನೋಡಿದರು. ಅವರಿಗೆ ಸಮಾಧಾನದ ದೃಶ್ಯ ಯಾವುದೂ ಕಂಡಿಲ್ಲ. ನಾಳೆ ನನಗೂ ಹೀಗೇ ಎಂಬುದಷ್ಟೇ ಕಂಡಿದೆ. ಇಂಥ ಘಟನೆ ಆದ ಮೇಲೆ ಅವರ ಜೊತೆ ಯಾರಾದರೂ ಕೂತು ಮಾತಾಡಬೇಕು, ಆದರೆ ಎಷ್ಟೋ ಕಡೆ ಪರದೆ ಎಳೆದು ಮುಂದಿನ ಪಾಳಿ ಶುರು ಮಾಡಿಬಿಡುತ್ತಾರೆ. ಅಪ್ಪ ತಮ್ಮ ಅನುಭವವನ್ನು ಅವರಿಗೆ ಹೇಳಬೇಕು ಅಂದರೆ ತಡೆಯಬೇಡಿ, ಮೊದಲು ‘ನಿಮಗೆ ಕೇಳೋಕೆ ಇಷ್ಟ ಇದೆಯಾ’ ಅಂತ ಅವರನ್ನು ಕೇಳಲಿ. ವಾರ್ಡಿನ ಸಿಸ್ಟರ್‌ಗೂ ನೀವು ಒಂದು ಮಾತು ಹೇಳಿ, ಆವತ್ತು ಅಲ್ಲಿದ್ದವರನ್ನು ಒಮ್ಮೆ ಮಾತಾಡಿಸಲಿ.